ಶಿಕ್ಷೆ ಆದ ರಾಜಕಾರಣಿಗೆ ಒಂದು ನ್ಯಾಯ, ಜನಸಾಮಾನ್ಯರಿಗೆ ಇನ್ನೊಂದು. ಇದನ್ನ ಸರಿ ಮಾಡೋದು ನಾಯಕರ ಕರ್ತವ್ಯ ಅಲ್ವಾ?

ಹೌದು, ಮೊದಲು ಅವರದ್ದೇ, ಯಾಕಂದ್ರೆ ಕಾನೂನು ಬರೆಯೋರೇ ಅವರು. 1951ರ ಪ್ರಜಾಪ್ರತಿನಿಧಿ ಕಾಯ್ದೆ ಪ್ರಕಾರ ಎರಡು ವರ್ಷ ಅಥವಾ ಜಾಸ್ತಿ ಶಿಕ್ಷೆ ಆದ್ರೆ ಸೀಟು ಹೋಗತ್ತೆ, ಬಿಡುಗಡೆ ಆಗಿ 6 ವರ್ಷ ಎಲೆಕ್ಷನ್‌ಗೆ ನಿಲ್ಲಂಗಿಲ್ಲ, ಆದ್ರೆ ಆಮೇಲೆ ಆರಾಮಾಗಿ ಗೆದ್ದು ಬಂದು ಮಂತ್ರೀನೂ ಆಗ್ಬಹುದು, ಅದೇ ಸರ್ಕಾರಿ ಗುಮಾಸ್ತ ಆಗಿದ್ರೆ ಸಾಮಾನ್ಯವಾಗಿ ಡಿಸ್ಮಿಸ್, ಕಥೆ ಮುಗೀತು. ಇನ್ನೊಂದು ತಮಾಷೆ ನೋಡಿ, ಜೈಲಲ್ಲಿರೋ ವಿಚಾರಣಾಧೀನ ಕೈದಿ ವೋಟ್ ಹಾಕಂಗಿಲ್ಲ, ಆದ್ರೆ ಅಲ್ಲಿಂದ್ಲೇ ಎಲೆಕ್ಷನ್‌ಗೆ ನಿಲ್ಲಬಹುದು!

ಮುಂಚೆ ಅಪೀಲ್ ಹಾಕಿದ್ರೆ ಸೀಟು ಉಳೀತಿತ್ತು, ಅದನ್ನ 2013ರಲ್ಲಿ ಲಿಲಿ ಥಾಮಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕ್ತು. ಆಗ ಕಾಂಗ್ರೆಸ್ ನೇತೃತ್ವದ ಸರ್ಕಾರ ಮಾಡಿದ್ದೇನು? ಅದನ್ನ ವಾಪಸ್ ತರೋಕೆ ಸುಗ್ರೀವಾಜ್ಞೆ ರೆಡಿ ಮಾಡ್ತು, ರಾಹುಲ್ ಗಾಂಧಿ ಪ್ರೆಸ್ ಮುಂದೆನೇ ವಿರೋಧಿಸಿದ್ಮೇಲೆ ಕೈಬಿಡ್ತು. ಅಂದ್ರೆ ನಾಯಕರು ಮನಸ್ಸು ಮಾಡಿದ್ರೆ ಒಂದೇ ವಾರದಲ್ಲಿ ಆಗತ್ತೆ.

ಜೈಲಂತೂ ರಾಜ್ಯ ಸರ್ಕಾರದ ಕೈಲೇ ಇರೋದು. 2017ರಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಲ್ಲಿ ತಮಿಳುನಾಡಿನ ರಾಜಕಾರಣಿ ಶಶಿಕಲಾಗೆ ಬೇರೆ ಅಡುಗೆಮನೆ ಸೇರಿ ಸ್ಪೆಷಲ್ ಸೌಲಭ್ಯ ಸಿಗ್ತಿದೆ ಅಂತ ಜೈಲು ಡಿಐಜಿ ರಿಪೋರ್ಟ್ ಕೊಟ್ರು, ಕೆಲವೇ ದಿನದಲ್ಲಿ ರಿಪೋರ್ಟ್ ಕೊಟ್ಟ ಆ ಡಿಐಜಿನೂ ಟ್ರಾನ್ಸ್‌ಫರ್ ಆದ್ರು. ಇದಕ್ಕೆ ಹೊಸ ಕಾನೂನೇನೂ ಬೇಡ ಸ್ವಾಮಿ, ಇರೋ ಜೈಲ್ ಮ್ಯಾನ್ಯುಯಲ್ ಎಲ್ಲರಿಗೂ ಒಂದೇ ಥರ ಜಾರಿ ಮಾಡಿದ್ರೆ ಸಾಕಿತ್ತು. ಟಿಕೆಟ್ ಕೊಡೋದೂ ಅಷ್ಟೇ, ಶಿಕ್ಷೆ ಆದೋರಿಗೆ ಕೊಡಬೇಡಿ ಅನ್ನೋಕೆ ಪಾರ್ಟಿ ಅಧ್ಯಕ್ಷರಿಗೆ ಯಾವ ಕೋರ್ಟ್ ಆರ್ಡರ್ ಬೇಕು?