ಹೊಸ ಹೈಸ್ಕೂಲಿನಲ್ಲಿ ನಾನು ಕನ್ನಡ ಮಾಧ್ಯಮದಿಂದ ಬಂದವಳೆಂದು ಗೊತ್ತಾಗದಂತೆ ಇರುವುದು ಹೇಗೆ?

ಎಂಟನೇ ತರಗತಿಯ ಹುಡುಗಿಗೆ ‘ನೀವು’ ಎಂದು ಬರೆಯಲು ಕೈ ಬರುತ್ತಿಲ್ಲ. ‘ನೀನು’ ಎಂದೇ ಬರೆಯುತ್ತೇನೆ, ಪುಟ್ಟಾ. ಚನ್ನರಾಯಪಟ್ಟಣದ ಕಡೆಯಿಂದ ಬಂದು ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿ ಮೂರು ವಾರವಾಯಿತು, ಪಾಠ ತಲೆಗೆ ಹತ್ತುತ್ತಿಲ್ಲ, ಜೊತೆಗಾರರಿಲ್ಲ, ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಲೋ ಊರಿಗೆ ವಾಪಸ್ ಹೋಗಲೋ ಎಂದು ಕೇಳಿದ್ದೀಯ. ಅದೆಲ್ಲ ಹಾಗಿರಲಿ. ‘ಅಲ್ಲಿಯವರೆಗೆ ಕನ್ನಡ ಮಾಧ್ಯಮದವಳೆಂದು ಯಾರಿಗೂ ಗೊತ್ತಾಗದಂತೆ ಹೇಗಿರುವುದು’ ಎಂದು ಕೊನೆಯಲ್ಲಿ ಕೇಳಿದ್ದೀಯಲ್ಲ, ಆ ಸಾಲು ಓದಿದ ಮೇಲೆ ಮಲಗಲು ಆಗಲಿಲ್ಲ. ಎದ್ದು ಕುಳಿತು ಬರೆಯುತ್ತಿದ್ದೇನೆ.

ನಾನು ನಾಗಮಂಗಲ ತಾಲ್ಲೂಕಿನ ಹಳ್ಳಿಯವಳು. ಅಪ್ಪ ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದರು. ನಾನು ಊರಿನಲ್ಲಿ ಏಳನೇ ತರಗತಿ ಮುಗಿಸಿದ ಮೇಲೆ ಅಮ್ಮನನ್ನೂ ನನ್ನನ್ನೂ ಕರೆಸಿಕೊಂಡರು. ಶ್ರೀನಗರದಲ್ಲಿ ಬಾಡಿಗೆ ಮನೆ, ಬಸವನಗುಡಿಯಲ್ಲಿ ಹೈಸ್ಕೂಲು. ಹನುಮಂತನಗರದ ಮೂಲಕ ನಡೆದೇ ಹೋಗುತ್ತಿದ್ದೆ. ಅದು 1999ರ ಜೂನ್. ಆಗ ನಮ್ಮಂಥ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಿಂದ. ಅಂದರೆ ನನ್ನ ಕೈಯಲ್ಲಿದ್ದದ್ದು ಮೂರು ವರ್ಷದ ಇಂಗ್ಲಿಷ್. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸತೊಡಗಿದ್ದು 2007ರಲ್ಲಿ. ನಿನ್ನ ಬಳಿ ಏಳು ವರ್ಷದ ಇಂಗ್ಲಿಷ್ ಇದೆ, ಅದನ್ನು ಮರೆಯಬೇಡ.

ಮೊದಲ ದಿನ ಕ್ಲಾಸ್ ಟೀಚರ್ ಹೊಸಬರನ್ನೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿ ಹೆಸರು, ಹಿಂದಿನ ಶಾಲೆ, ಮಾಧ್ಯಮ ಕೇಳಿ ಬರೆದುಕೊಳ್ಳುತ್ತಿದ್ದರು. ಗಣಿತ ಹೇಳಿಕೊಡುವವರೂ ಅವರೇ. ನನಗಿಂತ ಮೊದಲು ಎದ್ದ ಹುಡುಗ ‘ಕನ್ನಡ ಮೀಡಿಯಂ, ಮಿಸ್’ ಎಂದ. ಕಿಟಕಿಯ ಪಕ್ಕ ಕುಳಿತಿದ್ದ ಇಬ್ಬರು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗಲಿಲ್ಲ, ಏನೂ ಅನ್ನಲಿಲ್ಲ, ಬರೀ ನೋಡಿಕೊಂಡರು. ಅಷ್ಟು ಸಾಕಾಯಿತು. ನನ್ನ ಸರದಿ ಬಂದಾಗ ‘ಇಂಗ್ಲಿಷ್ ಮೀಡಿಯಂ, ಮಿಸ್’ ಎಂದುಬಿಟ್ಟೆ.

ನನ್ನ ಇಡೀ ವರ್ಷ ಹಾಳಾದದ್ದು ಆ ಒಂದು ಮಾತಿನಿಂದ. ಹೇಗೆ ಎಂದು ಬಿಡಿಸಿ ಹೇಳದಿದ್ದರೆ ನಿನಗೆ ಅದರ ಭಾರ ತಿಳಿಯುವುದಿಲ್ಲ. ಸುಳ್ಳು ಹೇಳುವಾಗ, ಹೇಳಿದೆ, ಮುಗಿಯಿತು ಎನ್ನಿಸುತ್ತದೆ. ಆದರೆ ಆ ಸುಳ್ಳನ್ನು ದಿನವೂ ಕಾಯಬೇಕಾಗುತ್ತದೆ. ಕನ್ನಡ ಮಾಧ್ಯಮದವಳು ಎಂದಿದ್ದರೆ ‘ಮಿಸ್, ಡಿನಾಮಿನೇಟರ್ ಎಂದರೇನು’ ಎಂದು ಕೇಳುವ ಹಕ್ಕು ನನಗಿರುತ್ತಿತ್ತು. ಇಂಗ್ಲಿಷ್ ಮಾಧ್ಯಮದವಳು ಎಂದ ಮೇಲೆ ಅದನ್ನು ಕೇಳುವವಳು ದಡ್ಡಿ. ಹಾಗಾಗಿ ಕೇಳಲಿಲ್ಲ. ಇಂದು ಒಂದು ಪದ ಕೇಳದಿದ್ದರೆ ನಾಳೆ ಆ ಪದದ ಮೇಲೆ ನಿಂತ ವಾಕ್ಯ ಅರ್ಥವಾಗುವುದಿಲ್ಲ, ನಾಡಿದ್ದು ಆ ವಾಕ್ಯದ ಮೇಲೆ ನಿಂತ ಲೆಕ್ಕ ಅರ್ಥವಾಗುವುದಿಲ್ಲ. ‘ಅರ್ಥವಾಯಿತಾ?’ ಎಂದು ಮಿಸ್ ಕೇಳಿದಾಗಲೆಲ್ಲ ಎಲ್ಲರಿಗಿಂತ ಮೊದಲು ನಾನು ತಲೆಯಾಡಿಸುತ್ತಿದ್ದೆ. ಅನುಮಾನ ಬರಬಾರದಲ್ಲ. ಮನೆಯಲ್ಲಿ ಅಪ್ಪ ‘ಪಾಠ ಹೇಗಿದೆಯಮ್ಮ’ ಎಂದರೆ ಅಲ್ಲಿಯೂ ‘ಚೆನ್ನಾಗಿದೆ’ ಎನ್ನಬೇಕು. ಟ್ಯೂಷನ್‌ಗೆ ಕಳಿಸಿ ಎಂದು ಕೇಳಲೂ ಬಾಯಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯ ಒಂದು ಪ್ರಶ್ನೆ ಈಗಲೂ ಕಣ್ಣ ಮುಂದಿದೆ. ಒಂದು ‘ರಾಂಬಸ್’, ಅದರ ‘ಡಯಾಗನಲ್’ಗಳು 6 ಮತ್ತು 8 ಸೆಂಟಿಮೀಟರ್, ‘ಏರಿಯಾ’ ಎಷ್ಟು? ಏರಿಯಾ ಗೊತ್ತಿತ್ತು. ಉಳಿದೆರಡು ಪದ ಗೊತ್ತಿರಲಿಲ್ಲ. ಆ ಜಾಗ ಖಾಲಿ ಬಿಟ್ಟೆ. ಊರಿನ ಶಾಲೆಯಲ್ಲಿ ಮೇಷ್ಟ್ರು ಇದನ್ನೇ ಹಾಳೆ ಮಡಿಸಿ ತೋರಿಸಿ ಕಲಿಸಿದ್ದರು: ವಜ್ರಾಕೃತಿ, ಎರಡು ಕರ್ಣಗಳು ಲಂಬವಾಗಿ ಒಂದನ್ನೊಂದು ಅರ್ಧಿಸುತ್ತವೆ, ಗುಣಲಬ್ಧದ ಅರ್ಧವೇ ವಿಸ್ತೀರ್ಣ. ಇಪ್ಪತ್ನಾಲ್ಕು ಚದರ ಸೆಂಟಿಮೀಟರ್. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಉತ್ತರ ತಲೆಯೊಳಗಿದೆ, ಪ್ರಶ್ನೆ ಎದುರಿಗಿದೆ, ಎರಡೂ ಒಂದನ್ನೊಂದು ಗುರುತಿಸಲಿಲ್ಲ. ಗಣಿತದಲ್ಲಿ 100ಕ್ಕೆ 19 ಬಂತು. ಪಾಸಾಗಲು 35 ಬೇಕಿತ್ತು. ಊರಿನಲ್ಲಿ ಗಣಿತದಲ್ಲಿ ತೊಂಬತ್ತಕ್ಕಿಂತ ಕಡಿಮೆ ತೆಗೆದವಳಲ್ಲ ನಾನು.

ಈಗ ಹೇಳು, ನನಗೆ ಗಣಿತ ಬರುತ್ತಿರಲಿಲ್ಲವೇ? ನಿನಗೂ ‘ಪಾಠ ಅರ್ಥವಾಗುತ್ತಿಲ್ಲ’ ಎನ್ನುವುದು ಪೂರ್ತಿ ನಿಜವಲ್ಲ. ಪಾಠದ ಮುಕ್ಕಾಲು ಭಾಗ ನಿನಗೆ ಆಗಲೇ ಗೊತ್ತು, ಬೇರೆ ಹೆಸರಿನಲ್ಲಿ.

ಗೆಳೆತನದ ವಿಷಯಕ್ಕೂ ಇದೇ ಮಾತು. ನನ್ನ ಬೆಂಚಿನಲ್ಲಿ ಒಬ್ಬಳಿದ್ದಳು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಆಟದ ಹೊತ್ತಿನಲ್ಲಿ ಕನ್ನಡ. ಊಟದ ಡಬ್ಬಿ ತೆರೆದ ಕೂಡಲೇ ಮೊದಲ ತುತ್ತು ನನ್ನ ಮುಚ್ಚಳಕ್ಕೆ ಹಾಕುತ್ತಿದ್ದಳು. ಗಣೇಶನ ಹಬ್ಬಕ್ಕೆ ಮನೆಗೆ ಕರೆದಳು. ನಾನು ಹೋಗಲಿಲ್ಲ. ಹೋದರೆ ಅವಳ ಅಪ್ಪ ಇಂಗ್ಲಿಷಿನಲ್ಲಿ ಮಾತನಾಡಿಸಿಯಾರು, ಹಿಂದಿನ ಶಾಲೆ ಯಾವುದು ಎಂದು ಕೇಳಿಯಾರು ಎಂಬ ಭಯ. ಇನ್ನೊಮ್ಮೆ ಕರೆದಳು, ಇನ್ನೊಂದು ನೆಪ ಹೇಳಿದೆ. ದಸರಾ ರಜೆ ಮುಗಿಸಿ ಬಂದಾಗ ಅವಳು ಬೇರೆ ಬೆಂಚಿನಲ್ಲಿ ಕುಳಿತಿದ್ದಳು.

ಕಡಲೆಕಾಯಿ ಪರಿಷೆ ಗೊತ್ತಲ್ಲ? ಕಾರ್ತಿಕದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿಯ ಮುಂದೆ ರಸ್ತೆಯುದ್ದಕ್ಕೂ ಕಡಲೆಕಾಯಿಯ ರಾಶಿ. ನಮ್ಮ ತರಗತಿಯ ಹುಡುಗಿಯರೆಲ್ಲ ಒಟ್ಟಿಗೆ ಹೋಗುವುದೆಂದು ಮಾತಾಯಿತು. ನಾನು ಜ್ವರ ಎಂದೆ. ಸಂಜೆ ಅಮ್ಮನ ಜೊತೆ ಹೋದೆ. ಅಮ್ಮ ಒಂದು ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಕಾಯಿ ಒಡೆದು, ಬೀಜ ಜೊಳ್ಳೋ ಗಟ್ಟಿಯೋ ಎಂದು ನೋಡಿ, ಮಾರುವ ಅಜ್ಜಿಯೊಡನೆ ಊರಿನ ಮಳೆ ಬೆಳೆ ಮಾತನಾಡುತ್ತಿದ್ದಳು. ಆ ಊರಿನ ಕನ್ನಡ ಕಿವಿಗೆ ಬಿದ್ದು ನನಗೆ ಆರು ತಿಂಗಳ ಮೇಲೆ ಎದೆ ಹಗುರಾಗಿತ್ತು. ಅಷ್ಟರಲ್ಲಿ ಎರಡು ರಾಶಿಯ ಆಚೆ ನನ್ನ ತರಗತಿಯವರ ಗುಂಪು ಕಾಣಿಸಿತು. ನನ್ನ ಬೆಂಚಿನ ಆ ಹುಡುಗಿಯೂ ಇದ್ದಳು, ಅಂಗೈಯಲ್ಲಿ ಕಡಲೆಕಾಯಿ ಹಿಡಿದುಕೊಂಡು. ಅಮ್ಮನ ಬೆನ್ನ ಹಿಂದೆ ಸರಿದು ನಿಂತೆ. ಒಳ್ಳೆಯ ಕಾಯಿ ಯಾವ ರಾಶಿಯಲ್ಲಿದೆ ಎಂದು ಅವರಿಗೆ ತೋರಿಸಿಕೊಡಲು ಆ ಗುಂಪಿನಲ್ಲಿ ನನಗಿಂತ ತಿಳಿದವರು ಯಾರಿದ್ದರು?

ಸುಳ್ಳು ಹೊರಬಿದ್ದದ್ದು ಫೆಬ್ರವರಿಯಲ್ಲಿ. ಅಷ್ಟು ದಿನ ನಾನು ಕಾದುಕೊಂಡದ್ದು ಏನನ್ನು ಗೊತ್ತೇ? ಕಚೇರಿಯ ಬೀರುವಿನಲ್ಲಿ ನನ್ನ ಟಿ.ಸಿ. ಇತ್ತು. ‘ಮಾಧ್ಯಮ: ಕನ್ನಡ’ ಎಂದು ಅದರಲ್ಲಿ ನಮ್ಮೂರಿನ ಹೆಡ್‌ಮೇಷ್ಟ್ರ ಕೈಬರಹದಲ್ಲೇ ಇತ್ತು. ವರ್ಷದ ಕೊನೆಯ ದಾಖಲೆ ಬರೆಯುವಾಗ ಮಿಸ್ ಅದನ್ನು ನೋಡಿದರು. ಸ್ಟಾಫ್ ರೂಮಿಗೆ ಕರೆದರು. ಬೈಗುಳ ನಿರೀಕ್ಷಿಸಿಕೊಂಡು ಹೋದೆ. ಅವರು ಟಿ.ಸಿ.ಯನ್ನು ಮೇಜಿನ ಮೇಲಿಟ್ಟು, ‘ಜೂನ್‌ನಲ್ಲೇ ಹೇಳಿದ್ದರೆ ನಿನ್ನನ್ನೂ ಬೆಳಗ್ಗೆ ಕೂರಿಸಿಕೊಳ್ಳುತ್ತಿದ್ದೆನಲ್ಲಮ್ಮ’ ಎಂದರು.

ಬೆಳಗ್ಗೆ ಎಂದರೆ ಏನು ಎಂದು ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಗ್ರಂಥಾಲಯದ ಕೋಣೆಯಲ್ಲಿ ದಿನವೂ ಪ್ರಾರ್ಥನೆಗೆ ಅರ್ಧ ಗಂಟೆ ಮೊದಲು ನಾಲ್ಕು ಮಕ್ಕಳು ಮಿಸ್ ಜೊತೆ ಕುಳಿತಿರುತ್ತಿದ್ದರು. ಮೊದಲ ದಿನ ‘ಕನ್ನಡ ಮೀಡಿಯಂ, ಮಿಸ್’ ಎಂದಿದ್ದ ಹುಡುಗನೂ ಅಲ್ಲಿರುತ್ತಿದ್ದ. ಮೆಟ್ಟಿಲು ಹತ್ತುವಾಗ ಆ ಕೋಣೆಯ ಬಾಗಿಲು ದಾಟಿಯೇ ನಾನು ತರಗತಿಗೆ ಹೋಗುತ್ತಿದ್ದೆ. ಅದು ಓದಿನಲ್ಲಿ ಹಿಂದುಳಿದವರಿಗೆ ಕೊಟ್ಟ ಶಿಕ್ಷೆ ಎಂದೇ ತಿಳಿದಿದ್ದೆ. ಒಳಗೆ ಇಣುಕಿ ಕೂಡ ನೋಡಿರಲಿಲ್ಲ. ಅಲ್ಲಿ ಮಿಸ್, ಅಂದಂದಿನ ಪಾಠದಲ್ಲಿ ಬರುವ ಇಂಗ್ಲಿಷ್ ಪದಗಳಿಗೆ ಕನ್ನಡದ ಪದಗಳನ್ನು ಜೋಡಿಸಿಕೊಡುತ್ತಿದ್ದರು. ನನಗೆ ಬೇಕಾಗಿದ್ದದ್ದು ಅಷ್ಟೇ. ಎಂಟು ತಿಂಗಳು, ದಿನಕ್ಕೆ ಅರ್ಧ ಗಂಟೆ, ಒಂದು ಪೈಸೆ ಖರ್ಚಿಲ್ಲದೆ, ನಾನು ನಡೆಯುವ ದಾರಿಯಲ್ಲೇ ಇತ್ತು. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಆ ಹುಡುಗ ತನ್ನ ನೋಟ್‌ಬುಕ್ಕನ್ನು ನನಗೆ ಕೊಟ್ಟ. ಹಾಳೆಯ ನಡುವೆ ಗೆರೆ, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ನ್ಯೂಕ್ಲಿಯಸ್ – ಕೋಶಕೇಂದ್ರ. ಡೆನ್ಸಿಟಿ – ಸಾಂದ್ರತೆ. ಕ್ಲೋರೋಫಿಲ್ – ಪತ್ರಹರಿತ್ತು. ಸ್ಕ್ವೇರ್ ರೂಟ್ – ವರ್ಗಮೂಲ. ಐಸೋಸಿಲಿಸ್ – ಸಮದ್ವಿಬಾಹು. ಒಂದೊಂದು ಸಾಲು ಓದಿದಾಗಲೂ ಕಳೆದುಹೋದ ಸಾಮಾನು ಸಿಕ್ಕಿದ ಹಾಗಾಗುತ್ತಿತ್ತು. ಸಮದ್ವಿಬಾಹು ಎನ್ನುವ ಪದವನ್ನೇ ನೋಡು, ಸಮನಾದ ಎರಡು ಬಾಹು ಎಂದು ತನ್ನ ಅರ್ಥವನ್ನು ತಾನೇ ಹೇಳಿಕೊಳ್ಳುತ್ತದೆ. ಆ ಪದ ಗೊತ್ತಿರುವವಳು ತ್ರಿಭುಜದ ವಿಷಯದಲ್ಲಿ ಯಾರಿಗೂ ಕಡಿಮೆಯಿಲ್ಲ. ಅಪ್ಪ ಮುದ್ರಣಾಲಯದಲ್ಲಿ ಉಳಿದ ಹಾಳೆಯ ತುಂಡುಗಳನ್ನು ತಂದು, ನೂಲಿನಲ್ಲಿ ಹೊಲಿದು, ಮೈದಾ ಅಂಟು ಹಚ್ಚಿ, ಅಂಗೈ ಅಗಲದ ಒಂದು ಪುಸ್ತಕ ಕಟ್ಟಿಕೊಟ್ಟರು. ಒಣಗಲಿ ಎಂದು ಒರಳುಕಲ್ಲಿನ ಗುಂಡನ್ನು ಅದರ ಮೇಲೆ ಹೇರಿದ್ದರು. ಒಣಗುವವರೆಗೂ ತಾಳ್ಮೆಯಿಲ್ಲದೆ ನಾನು ಹತ್ತು ಸಲ ಎದ್ದು ನೋಡಿದ್ದೆ.

ವಾರ್ಷಿಕ ಪರೀಕ್ಷೆಯಲ್ಲಿ ಹೇಗೋ ದಡ ಸೇರಿದೆ. ಆದರೆ ಎಂಟನೇ ತರಗತಿಯ ಬೀಜಗಣಿತ ಬುನಾದಿಯಲ್ಲೇ ಟೊಳ್ಳಾಗಿ ಉಳಿಯಿತು. 2002ರ ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆ ಕನ್ನಡದಲ್ಲಿ 125ಕ್ಕೆ 114 ತೆಗೆದವಳು ಗಣಿತದಲ್ಲಿ 61ಕ್ಕೆ ನಿಂತೆ. ಬೆಂಚಿನ ಗೆಳತಿ ಒಂಬತ್ತನೇ ತರಗತಿಯಲ್ಲಿ ಮತ್ತೆ ಮಾತನಾಡಿಸಿದಳು. ‘ನಿನಗೆ ಜಂಬ ಎಂದುಕೊಂಡಿದ್ದೆ ಕಣೇ’ ಎಂದಳು. ಅವಳ ಮನೆಗೆ ಹೋದೆ. ಅವಳ ಅಮ್ಮನಿಗೆ ಇಂಗ್ಲಿಷ್ ಬರುತ್ತಲೇ ಇರಲಿಲ್ಲ. ನನ್ನನ್ನು ಕೂರಿಸಿ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಉಪಚಾರ ಮಾಡಿ ಇಡ್ಲಿ ಬಡಿಸಿದರು.

ಇನ್ನು ನಿನ್ನ ಪ್ರಶ್ನೆಗಳು. ಊರಿಗೆ ವಾಪಸ್ ಹೋಗುವ ಯೋಚನೆಯನ್ನು ಈಗ ಮಾಡಲೇಬೇಡ. ಮೂರು ವಾರದಲ್ಲಿ ಯಾವ ಶಾಲೆಯೂ ತನ್ನದಾಗುವುದಿಲ್ಲ. ಸ್ಪೋಕನ್ ಇಂಗ್ಲಿಷ್ ತರಗತಿಗೆ ಅಪ್ಪ ಅಮ್ಮನಿಂದ ಹಣ ಕಟ್ಟಿಸಬೇಡ. ಅಲ್ಲಿ ಕುಶಲೋಪರಿ ಮಾತನಾಡಲು ಕಲಿಸುತ್ತಾರೆ, ‘ರಾಂಬಸ್’ ಎಂದರೆ ವಜ್ರಾಕೃತಿ ಎಂದು ಯಾರೂ ಹೇಳಿಕೊಡುವುದಿಲ್ಲ. ಗೊತ್ತಾಗದಂತೆ ಇರುವುದು ಹೇಗೆ ಎಂಬುದಕ್ಕೆ ನಾನು ಉತ್ತರ ಕೊಡುವುದಿಲ್ಲ. ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತಿತ್ತು, ಅದನ್ನು ಇನ್ನೊಂದು ಮಗುವಿಗೆ ಕಲಿಸಲು ನನ್ನಿಂದಾಗದು.

ಕನ್ನಡ ಮಾಧ್ಯಮ ಎನ್ನುವುದು ಮುಚ್ಚಿಡಬೇಕಾದ ಗಾಯವಲ್ಲ. ನಾಲ್ಕನೇ ತರಗತಿಯವರೆಗೆ ಮಕ್ಕಳು ಮಾತೃಭಾಷೆಯಲ್ಲೋ ಕನ್ನಡದಲ್ಲೋ ಕಲಿಯಬೇಕೆಂದು 1994ರಲ್ಲಿ ನಮ್ಮ ಸರ್ಕಾರವೇ ಆದೇಶ ಹೊರಡಿಸಿ, ಅದಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ವಾದಿಸಿತ್ತು. 2014ರಲ್ಲಿ ಕೋರ್ಟು, ಮಾಧ್ಯಮವನ್ನು ಹೇರುವಂತಿಲ್ಲ ಎಂದಿತು, ಅದು ಬೇರೆ ಮಾತು. ಹಾಗೆ ಕಲಿತದ್ದು ಕೀಳು ಎಂದು ಯಾವ ಕೋರ್ಟೂ ಹೇಳಿಲ್ಲ. ನಿನ್ನ ಶಾಲೆಯಲ್ಲಿ ಅಂಕ ಸಿಗುತ್ತದೆಂದು ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಳ್ಳಲು ಹೇಳುತ್ತಿದ್ದಾರೆ ಎಂದೂ ಬರೆದಿದ್ದೀಯ. ಬೇಡ. ಎಸ್‌ಎಸ್‌ಎಲ್‌ಸಿಯ 625ರಲ್ಲಿ 125 ಅಂಕ ಪ್ರಥಮ ಭಾಷೆಯದು. ಈ ಶಾಲೆಯಲ್ಲಿ ನೀನು ತಲೆಯೆತ್ತಿ ಕೂರುವ ಒಂದು ಪೀರಿಯಡ್ ಕನ್ನಡದ್ದು. ಅದನ್ನು ಕೈಯಾರೆ ಬಿಟ್ಟುಕೊಡಬೇಡ. ಹಳಗನ್ನಡದ ಪದ್ಯ ಬಂದ ದಿನ ನಿನ್ನ ಬೆಂಚಿನ ಸುತ್ತ ಎಷ್ಟು ಜನ ಸೇರುತ್ತಾರೆ ನೋಡು.

ನಾಳೆ ಮಾಡಬೇಕಾದದ್ದು ಇಷ್ಟು. ಮಧ್ಯಾಹ್ನದ ಬಿಡುವಿನಲ್ಲಿ ಗಣಿತದ ಟೀಚರ್ ಬಳಿ ಹೋಗಿ, ‘ಮಿಸ್, ನಾನು ಏಳರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ಪದಗಳು ಗೊತ್ತಾಗುತ್ತಿಲ್ಲ’ ಎಂದು ಕನ್ನಡದಲ್ಲೇ ಹೇಳು. ಅವರು ಬೆಳಗ್ಗೆ ಕೂರಿಸಿಕೊಳ್ಳದಿದ್ದರೂ ಪರವಾಗಿಲ್ಲ, ಆಮೇಲೆ ನೀನು ಕೈಯೆತ್ತಿದಾಗ ಯಾಕೆ ಎತ್ತಿದ್ದೀಯ ಎಂದು ಅವರಿಗೆ ಗೊತ್ತಿರುತ್ತದೆ. ನಿನ್ನದು ರಾಜ್ಯ ಪಠ್ಯಕ್ರಮದ ಶಾಲೆ ಎಂದಿದ್ದೀಯ. ಹಾಗಾದರೆ ಎಂಟನೇ ತರಗತಿಯ ಗಣಿತ ಮತ್ತು ವಿಜ್ಞಾನದ ಕನ್ನಡ ಮಾಧ್ಯಮದ ಪುಸ್ತಕಗಳನ್ನು ತರಿಸಿಕೋ. ಎರಡೂ ಮಾಧ್ಯಮದಲ್ಲಿ ಪಾಠ ಅದೇ, ಚಿತ್ರ ಅದೇ, ಲೆಕ್ಕ ಅದೇ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಕಾಗದದ್ದೇ ಬೇಕೆಂದರೆ ಅಪ್ಪನ ಜೊತೆ ಒಂದು ಶನಿವಾರ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ನೋಡು. ಇಂದಿನ ಪಾಠವನ್ನು ಹಿಂದಿನ ರಾತ್ರಿಯೇ ಕನ್ನಡದಲ್ಲಿ ಓದಿಕೊಂಡು ಹೋಗು. ಒಂದು ನೋಟ್‌ಬುಕ್ಕಿನಲ್ಲಿ ಹಾಳೆಯ ನಡುವೆ ಗೆರೆ ಎಳೆ.

ಎಡಗಡೆ ಬರೆದು ಬಲಗಡೆಗೆ ಕನ್ನಡ ಸಿಗದ ಪದಗಳಿದ್ದರೆ ಇದರ ಕೆಳಗೇ ಬರೆ. ಅಪ್ಪ ಕಟ್ಟಿಕೊಟ್ಟ ಪುಸ್ತಕ ಇನ್ನೂ ನನ್ನ ಬಳಿ ಇದೆ. ನಾಳೆ ರಾತ್ರಿ ಊಟವಾದ ಮೇಲೆ ನೋಡಿ ಹೇಳುತ್ತೇನೆ.