‘ಭಾವಿ ಅಧ್ಯಕ್ಷ’ ಅಂದರೆ ಯಾರ್ರೀ ಅದು?

ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಜಾನ್ ಕೆನಡಿ ಮತ್ತು ಡೆನ್ಮಾರ್ಕಿನ ಪತ್ರಕರ್ತೆ ಇಂಗಾ ಅರ್ವಾಡ್ ಪ್ರೇಮವನ್ನು ಕನ್ನಡದಲ್ಲಿ ಹೇಳಲು ಹೊರಟಿದ್ದೀರಿ, ಧೈರ್ಯ ಮೆಚ್ಚಿದೆ. ಭಾಷೆ ಸರಾಗವಾಗಿದೆ, ಕಾಗುಣಿತದ ತಪ್ಪಿಲ್ಲ. ಹೊಗಳಿಕೆ ಇಷ್ಟೇ. ಈಗ ಜಗಳ.

ನಿಮ್ಮ ಮೊದಲ ಸಾಲು: ‘ಅಮೆರಿಕದ ಭಾವಿ ಅಧ್ಯಕ್ಷ ಕಿಟಕಿಯ ಬಳಿ ನಿಂತಿದ್ದ.’ ಯಾರ್ರೀ ಅದು ಭಾವಿ ಅಧ್ಯಕ್ಷ? ಅದು 1942ರ ಫೆಬ್ರವರಿ, ಚಾರ್ಲ್ಸ್‌ಟನ್ನಿನ ಫೋರ್ಟ್ ಸಮ್ಟರ್ ಹೋಟೆಲು. ಅಲ್ಲಿ ನಿಂತಿರುವುದು 24 ವರ್ಷದ ಹುಡುಗ. ನೌಕಾಪಡೆಯ ಕಿರಿಯ ಅಧಿಕಾರಿ, ಬೆನ್ನುನೋವು ಬೇರೆ. ಇವರಿಬ್ಬರ ಓಡಾಟ ಜನವರಿಯಲ್ಲಿ ಪತ್ರಿಕೆಯ ಗಾಸಿಪ್ ಅಂಕಣಕ್ಕೆ ಬಂತು. ಅದರ ಬೆನ್ನಲ್ಲೇ ವಾಷಿಂಗ್ಟನ್ನಿನಿಂದ ಇಲ್ಲಿಗೆ ಎತ್ತಂಗಡಿ. ಆ ಹುಡುಗನನ್ನು ನನಗೆ ತೋರಿಸಿ.

ಮೂರನೇ ಪುಟ: ‘ಡಲ್ಲಾಸ್‌ನಲ್ಲಿ ಕಾದಿದ್ದ ಗುಂಡಿನ ಅರಿವು ಅವನಿಗಿರಲಿಲ್ಲ.’ ಹೇಗಿರುತ್ತೆ ಸ್ವಾಮಿ? ಕೆನಡಿ ಅಲ್ಲಿ ಗುಂಡಿಗೆ ಬಲಿಯಾಗುವುದು 1963ರಲ್ಲಿ, ಅದಕ್ಕಿನ್ನೂ 21 ವರ್ಷ ಇದೆ!

ಈ ತಪ್ಪು ನನ್ನದೂ ಹೌದು, ಅದಕ್ಕೇ ಇಷ್ಟು ಉರಿಯುತ್ತಿದೆ. ಇಪ್ಪತ್ತೆರಡರ ವಯಸ್ಸಿನಲ್ಲಿ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋಗಿದ್ದ ನಮ್ಮೂರಿನ ಹಿರಿಯರೊಬ್ಬರ ಬಗ್ಗೆ ಬರೆದಿದ್ದೆ. ಜೈಲಿನ ಬಾಗಿಲಲ್ಲೇ ಅವರಿಗೆ ಪ್ರಭಾವಳಿ ಕಟ್ಟಿಬಿಟ್ಟಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದೇ ಪ್ರಶ್ನೆ ಕೇಳಿದರು: “ರಾತ್ರಿ ಅವರಿಗೆ ಕಚ್ತಾ ಇದ್ದದ್ದು ಸೊಳ್ಳೆಯೋ ತಿಗಣೆಯೋ?” ನನಗೆ ಗೊತ್ತಿರಲಿಲ್ಲ. ಭಾನುವಾರ ಬಸ್ ಹತ್ತಿ ಹೋಗಿ ಕೇಳಿದೆ. ಅವರು ನಕ್ಕು, “ಎರಡೂ ಅಲ್ಲ ಮಗಾ, ಕಜ್ಜಿ” ಅಂದರು.

ಇನ್ನು ‘ನಿಗೂಢ’. ಏಳು ಪುಟದಲ್ಲಿ ಒಂಬತ್ತು ಸಲ. ನಿಗೂಢ ನಗು, ನಿಗೂಢ ಕಣ್ಣು, ಕೊನೆಗೆ ಇಂಗಾ ಕುಡಿಯುವ ಕಾಫಿಯೂ ನಿಗೂಢ. 1931ರ ಡೆನ್ಮಾರ್ಕ್ ಸುಂದರಿ, ಹಿಟ್ಲರನ ಸಂದರ್ಶನ ಮಾಡಿದ ಪತ್ರಕರ್ತೆ, ಕೆನಡಿಗಿಂತ ಸುಮಾರು ನಾಲ್ಕು ವರ್ಷ ದೊಡ್ಡವಳು, ಗಂಡನಿಂದ ವಿಚ್ಛೇದನ ಇನ್ನೂ ಆಗಿಲ್ಲ. ಇಷ್ಟೆಲ್ಲ ಇರುವ ಹೆಂಗಸಿಗೆ ಸುಮ್ನೆ ಮುಸುಕು ಹಾಕಿ ಕೂರಿಸಿದ್ದೀರಲ್ಲ!

ನಿಜವಾದ ಕಥೆ ಆರನೇ ಪುಟದಲ್ಲಿದೆ. ‘ಎಫ್‌ಬಿಐ ಅವರ ಮಾತು ಕದ್ದು ಕೇಳುತ್ತಿತ್ತು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಇಂಗಾ ಜರ್ಮನಿಯ ಗೂಢಚಾರಿಣಿ ಇರಬಹುದು ಅಂತ ಅಮೆರಿಕದ ಆ ತನಿಖಾ ಸಂಸ್ಥೆಗೆ ಅನುಮಾನ. ಆ ಕೋಣೆಯಲ್ಲಿ ಮೈಕು ಅಡಗಿಸಿಟ್ಟಿದ್ದರು, ಅಲ್ವಾ? ಹಾಗಾದರೆ ಕೇಳುವವನೊಬ್ಬ ಇರಬೇಕು. ಅವನ ಪಕ್ಕ ಕೂತು ಬರೆಯಿರಿ. ಗುಟ್ಟಿನ ಮಾತಿಗೆ ಕಾಯುತ್ತಾನೆ, ಕಿವಿಗೆ ಬೀಳುವುದು ಪ್ರೇಮಿಗಳ ಮಾತು. ಎಷ್ಟು ಕೇಳಿದರೂ ಇಂಗಾ ಗೂಢಚಾರಿಣಿ ಅನ್ನುವುದಕ್ಕೆ ಪುರಾವೆ ಸಿಗಲೇ ಇಲ್ಲ. ಪಾಪ, ಅವನು ವರದಿಯಲ್ಲಿ ಏನಂತ ಬರೆದಾನು?

ಆರನೇ ಪುಟದಿಂದ ಶುರು ಮಾಡಿ, ಮತ್ತೆ ಕಳಿಸಿ. ಕಾಫಿ ಬರೀ ಕಾಫಿಯಾಗಿರಲಿ.