ಬೀಗದ ಕೈ ಹಿಡಿದುಕೊಂಡಿದ್ದ ಮಕ್ಕಳು

(ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು ಬರೆದ ದೀರ್ಘ ಪತ್ರದ ಸಾರ: “ನನ್ನ ಅಜ್ಜಿ 1958ರಿಂದ 38 ವರ್ಷ ಅಂಗನವಾಡಿ ಟೀಚರ್ ಆಗಿದ್ದರು. ಆಮೇಲೆ ನಮ್ಮನ್ನು ಬೆಳೆಸಿದರು. 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆದ ಲೇಖನವನ್ನು ‘ಕೌಟುಂಬಿಕ ಸ್ವರೂಪದ್ದು’ ಎಂದು ವಾಪಸು ಕಳಿಸಿದ್ದೀರಿ. ಸಾಹಿತಿಯ ಮೊಮ್ಮಗ ಬರೆದರೆ ಅದು ಕೌಟುಂಬಿಕವಲ್ಲವೇ?”)

ನಮಸ್ಕಾರ.

ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು. ಸಂಜೆ ಇನ್ನೊಮ್ಮೆ ಓದಿದಾಗ ನಾಚಿಕೆಯಾಯಿತು. ಆ ಷರಾ ಬರೆದವನು ನಾನೇ. ಸಹಾಯಕರ ಮೇಲೆ ಹಾಕಿ ಜಾರಿಕೊಳ್ಳುವುದಿಲ್ಲ. ಅದೇ ತಿಂಗಳ ಸಂಚಿಕೆಯಲ್ಲಿ, ಲೇಖಕರೊಬ್ಬರು ಕಾಫಿಗೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಿದ್ದರು ಎಂಬುದಕ್ಕೆ ಎರಡು ಪುಟ ಕೊಟ್ಟಿದ್ದೆವು. ಅದು ಸಾಹಿತ್ಯವಾಯಿತು, ನಿಮ್ಮದು ಸಂಸಾರವಾಯಿತು. ತಪ್ಪು ನಮ್ಮದು.

ಆದರೂ ನಿಮ್ಮೊಡನೆ ಒಂದು ಜಗಳ ಬಾಕಿ ಇದೆ. ನಿಮ್ಮ ಲೇಖನವನ್ನು ಕಡತದಿಂದ ತೆಗೆಸಿ ಮತ್ತೆ ಓದಿದೆ. ಮಮತಾಮಯಿ, ತ್ಯಾಗಮೂರ್ತಿ, ಕರುಣೆಯ ಕಡಲು: ಮೊದಲ ಪುಟವೊಂದರಲ್ಲೇ ಇಂಥ ಹನ್ನೊಂದು ಮಾತುಗಳಿವೆ. ಅಜ್ಜಿ ಮಾತ್ರ ಎಲ್ಲೂ ಇಲ್ಲ. ಹೆಸರು ಬದಲಿಸಿದರೆ ಯಾರ ವೈಕುಂಠ ಸಮಾರಾಧನೆಯ ಕಾಗದಕ್ಕೂ ಅದು ಸಲ್ಲುತ್ತದೆ. ಸಿಟ್ಟಿನಲ್ಲಿ ಗೀಚಿದ ಈ ಪತ್ರದಲ್ಲಿ ಮಾತ್ರ ಅವರು ಸೆರಗು ಸಿಕ್ಕಿಸಿಕೊಂಡು ಓಡಾಡುತ್ತಿದ್ದಾರೆ.

ಉದಾಹರಣೆಗೆ, ವಿಜಯದಶಮಿಯ ಮರುದಿನ ಹೊಸ ಮಕ್ಕಳು ಬಂದು ಅಂಗಳ ಹಾರಿಹೋಗುವಂತೆ ಅಳುವ ಪ್ರಸಂಗ. ಅಜ್ಜಿ “ಅಳಬೇಡ” ಎನ್ನುತ್ತಿರಲಿಲ್ಲ, ಪೆಪ್ಪರಮೆಂಟನ್ನೂ ಕೊಡುತ್ತಿರಲಿಲ್ಲ. ಸೊಂಟದಲ್ಲಿದ್ದ ಬೀಗದ ಕೈ ಗೊಂಚಲು ತೆಗೆದು ಅತ್ಯಂತ ಜೋರಾಗಿ ಅಳುವ ಮಗುವಿನ ಕೈಗೆ ಕೊಟ್ಟು, “ಇದನ್ನು ಸ್ವಲ್ಪ ಹಿಡಿದುಕೊಂಡಿರು ಮಾರಾಯ, ನನಗೆ ಕೆಲಸವಿದೆ. ಕಳೆದರೆ ಶಾಲೆ ಮುಚ್ಚಬೇಕಾಗುತ್ತದೆ” ಎಂದು ಹೇಳಿ ಹೊರಟುಬಿಡುತ್ತಿದ್ದರು. ಮೂರು ವರ್ಷದ ಜೀವಕ್ಕೆ ಏಕಾಏಕಿ ಅಷ್ಟು ದೊಡ್ಡ ಹೊಣೆ! ಅಳುವುದಕ್ಕೆ ಪುರುಸೊತ್ತೆಲ್ಲಿ? ಮಧ್ಯಾಹ್ನ ಅವ್ವ ಕರೆದೊಯ್ಯಲು ಬಂದರೆ, “ಟೀಚರಮ್ಮ ಬರಲಿ, ಇದನ್ನು ಕೊಟ್ಟು ಬರುತ್ತೇನೆ” ಎನ್ನುತ್ತಿತ್ತಂತೆ.

ಇದು ನಿಮ್ಮ ಪತ್ರದ ಎರಡನೆಯ ಪುಟದಲ್ಲಿದೆ. ಐದನೆಯ ಪುಟದಲ್ಲಿ, ಬೇರೆಯದೇ ಸಂಗತಿಯೆಂಬಂತೆ, ಇನ್ನೊಂದು ಬರೆದಿದ್ದೀರಿ. ಮೊದಲ ಸಲ ಮೈಸೂರಿನ ಹಾಸ್ಟೆಲ್ಲಿಗೆ ಹೊರಟಾಗ ಬಸ್ ನಿಲ್ದಾಣದಲ್ಲಿ ನೀವು ಬಿಕ್ಕುತ್ತಿದ್ದಿರಿ. ಅಜ್ಜಿ ಕಿಟಕಿಯಿಂದ ಕೈ ತೂರಿಸಿ ಮನೆಯ ಕಪಾಟಿನ ಬೀಗದ ಕೈ ಕೊಟ್ಟು, “ದೀಪಾವಳಿಗೆ ಬರುವಾಗ ಮರೆಯದೆ ತಾ” ಎಂದರು. ಅಲ್ಲಿಯವರೆಗೂ ಆ ಕಪಾಟು ತೆರೆಯಲಿಲ್ಲ. ಒಳಗಿದ್ದ ರೇಷನ್ ಕಾರ್ಡಿಗಾಗಿ ನಿಮ್ಮ ಅಪ್ಪ ಕೂಗಾಡಿದರಂತೆ, ಅಜ್ಜಿ ಜಗ್ಗಲಿಲ್ಲ.

“ಶಾಲೆಯ ಅಜ್ಜಿ ಬೇರೆ, ಮನೆಯ ಅಜ್ಜಿ ಬೇರೆ, ಯಾರ ಬಗ್ಗೆ ಬರೆಯಲಿ?” ಎಂದು ಕೇಳಿದ್ದೀರಿ. ತಾಯಿ, ಆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹದಿನೇಳರ ನಿಮ್ಮನ್ನೂ ಅವರು ಹೊಸ ಅಡ್ಮಿಷನ್ನಿನ ಲೆಕ್ಕಕ್ಕೇ ಹಿಡಿದಿದ್ದರು!

ಇನ್ನು ಸಂಪಾದಕನ ಕೆಲಸ. ನಿಮ್ಮ ಅಜ್ಜಿ 1958ರಲ್ಲಿ ಅಂಗನವಾಡಿ ಟೀಚರ್ ಆಗಿರಲು ಸಾಧ್ಯವಿಲ್ಲ. ಅಂಗನವಾಡಿಗಳನ್ನು ದೇಶದ ತುಂಬ ಹರಡಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅದಕ್ಕೂ ಮುಂಚೆ ಊರೂರಿನ ಮಹಿಳಾ ಸಮಾಜಗಳು ನಡೆಸುತ್ತಿದ್ದವು ಶಿಶುವಿಹಾರ. ಹೆಂಚಿನ ಕೋಣೆ, ಒಂದು ಜೋಕಾಲಿ, ಮರಳಿನ ತಟ್ಟೆ, ಎಣಿಸಲು ಹುಣಸೆ ಬೀಜ. ನಿಮ್ಮ ಅಜ್ಜಿ ಇದ್ದದ್ದು ಅಲ್ಲಿ. “ಸಮಾಜದವರು ಸಂಬಳ ಕೊಡುತ್ತಿದ್ದರು” ಎಂದು ನೀವೇ ಒಂದು ಕಡೆ ಬರೆದಿರುವುದರಿಂದ ಈ ಊಹೆ. ತಿದ್ದಿಕೊಳ್ಳಿ, ಈ ತಿದ್ದುಪಡಿಯಿಂದ ಅವರ ತೂಕ ಹೆಚ್ಚುತ್ತದೆ. ಬೆನ್ನಿಗೆ ಯೋಜನೆಯಿಲ್ಲ, ಇಲಾಖೆಯಿಲ್ಲ. ಆದರೂ ಮೂವತ್ತೆಂಟು ವರ್ಷ.

ಪಿಂಚಣಿ ಯಾಕಿರಲಿಲ್ಲ ಎಂಬ ನಿಮ್ಮ ಪ್ರಶ್ನೆಗೂ ಉತ್ತರ ಇಲ್ಲೇ ಇದೆ: ಅವರು ಸರಕಾರಿ ನೌಕರರೇ ಆಗಿರಲಿಲ್ಲ. ಆಮೇಲೆ ಬಂದ ಅಂಗನವಾಡಿಯ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಉಪದಾನ (ಗ್ರಾಚ್ಯುಟಿ) ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದೇ 2022ರ ಏಪ್ರಿಲ್‌ನಲ್ಲಿ. ನಿಮ್ಮ ಅಜ್ಜಿ ಕೆಲಸ ಬಿಟ್ಟು ಆಗಲೇ ಇಪ್ಪತ್ತಾರು ವರ್ಷವಾಗಿತ್ತು.

ನಿಮ್ಮ ಚಿಕ್ಕಪ್ಪ “ಮಕ್ಕಳನ್ನು ಆಡಿಸುತ್ತಿದ್ದಳು, ಅದೂ ಒಂದು ನೌಕರಿಯೇ” ಎಂದರಲ್ಲ, ಅವರಿಗೊಂದು ವಿಷಯ ತಿಳಿಸಿ. ಈ ಆಟದ ಶಾಲೆಗೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟವರು ಜರ್ಮನಿಯ ಫ್ರೋಬೆಲ್, 1840ರಲ್ಲಿ. 1851ರಲ್ಲಿ ಅಲ್ಲಿನ ದೊಡ್ಡ ರಾಜ್ಯವಾದ ಪ್ರಷ್ಯಾದ ಸರಕಾರ ಅದನ್ನು ನಿಷೇಧಿಸಿತು. ನಿಷೇಧ ತೆರವಾಗಲು 1860 ಬರಬೇಕಾಯಿತು. ಕೆಲಸಕ್ಕೆ ಬಾರದ್ದೆಂದು ತಿಳಿದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ನಮ್ಮಲ್ಲಿ ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ ಗುಜರಾತಿನ ಭಾವನಗರದಲ್ಲಿ, ಶಿಶುಶಿಕ್ಷಣಕ್ಕೆ ಹೆಸರಾದ ಗಿಜುಭಾಯಿ ಬಧೇಕಾ ಅವರ ಜೊತೆ ದುಡಿದು, 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಹೋದರು. ಬಡವರ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ‘ಅಂಗನ’ವಾಡಿ ಎಂಬ ಮಾತಿನಲ್ಲಿರುವುದು ಆ ಅಂಗಳವೇ.

ಒಂದು ಮಾತು ನನ್ನನ್ನು ಕುಟುಕಿತು. “ಅವರ ಕೈಯಲ್ಲಿ ಕಲಿತವರು ಯಾರೂ ನೋಡಲು ಬರಲಿಲ್ಲ” ಎಂದು ಬರೆದಿದ್ದೀರಿ. ವರ್ಷಕ್ಕೆ ಇಪ್ಪತ್ತೈದು ಹೊಸ ಮಕ್ಕಳೆಂದರೂ 950 ಆಗುತ್ತದೆ. (ನಮ್ಮ ಪುಟಗಳಲ್ಲಿ ಸ್ಮರಿಸಲ್ಪಟ್ಟ ಎಷ್ಟು ಕವಿಗಳಿಗೆ ಅಷ್ಟು ಓದುಗರಿದ್ದರು?) ಅವರನ್ನು ಕೃತಘ್ನರೆಂದು ಕರೆಯಬೇಡಿ. ಮೂರು, ಮೂರೂವರೆ ವಯಸ್ಸಿಗೆ ಮುಂಚೆ ನಡೆದದ್ದು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ಯಾರಿಗೂ ನೆನಪಿಗೆ ಬರುವುದಿಲ್ಲ. ಅದರ ಆಚೀಚಿನದೂ ಮಸುಕು. ಹೈಸ್ಕೂಲಿನ ಮೇಷ್ಟ್ರಿಗೆ ಸನ್ಮಾನ, ಶಾಲು, ಹಾರ. ಗುಂಡಿ ಹಾಕುವುದನ್ನು ಕಲಿಸಿದವರ ಮುಖವೂ ನೆನಪಿಲ್ಲ. ನಾನು ಇವತ್ತು ಬೆಳಿಗ್ಗೆ ಅಂಗಿಯ ಗುಂಡಿಯನ್ನು ಕೆಳಗಿನಿಂದ ಮೇಲಕ್ಕೆ ಹಾಕಿಕೊಂಡೆ. ಯಾರು ಹಾಗೆ ಕಲಿಸಿದರೋ ಗೊತ್ತಿಲ್ಲ. ನಿಮ್ಮ ಪತ್ರದಲ್ಲಿ, “ಅಜ್ಜಿ ಗುಂಡಿಯನ್ನು ಕೆಳಗಿನಿಂದ ಶುರುಮಾಡಿಸುತ್ತಿದ್ದರು, ಮೇಲಿನಿಂದ ಹಾಕಿದರೆ ಮಕ್ಕಳು ಒಂದನ್ನು ತಪ್ಪಿಸುತ್ತವೆ” ಎಂಬ ಸಾಲು ಕಂಡು ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಲೇಖನ ಮತ್ತೆ ಬರೆದು ಕಳಿಸಿ. ಹಳೆಯದನ್ನು ತಿದ್ದಬೇಡಿ; ಈ ಪತ್ರವನ್ನೇ ತಿದ್ದಿ. ಸಿಟ್ಟನ್ನು ಅರ್ಧ ಉಳಿಸಿಕೊಳ್ಳಿ. ಕೊನೆಗೆ ಹಾಕಿದ್ದ ಸರ್ವಜ್ಞನ ವಚನ ಬೇಡ. ಹಾರ ಹಾಕಿದ ಭಾವಚಿತ್ರವೂ ಬೇಡ. ಅವರು ಮಕ್ಕಳ ಉಗುರು ಕತ್ತರಿಸುತ್ತಿರುವ ಮಸುಕು ಫೋಟೋ ಇದೆ ಎಂದಿದ್ದೀರಲ್ಲ, ಅದು ಸಾಕು. ಮುಂದಿನ ತಿಂಗಳ ಹತ್ತರೊಳಗೆ ತಲುಪಿದರೆ ಅದರ ಮುಂದಿನ ಸಂಚಿಕೆಗೆ ಹಾಕುತ್ತೇವೆ. ಗೌರವಧನ ಕೇಳಿದರೆ ನಗುತ್ತೀರಿ, ಮಹಿಳಾ ಸಮಾಜವೇ ವಾಸಿ ಎನ್ನುತ್ತೀರಿ.

ಇನ್ನೊಂದನ್ನು ನೀವು ಹೇಳದೆ ಬಿಟ್ಟಿದ್ದೀರಿ. ಆ ದೀಪಾವಳಿಗೆ ಊರಿಗೆ ಹೋದಾಗ ಬೀಗದ ಕೈ ಮರೆಯದೆ ಒಯ್ದಿರಾ?

— ಸಂಪಾದಕ